ಆಮೆಗೆ ಇನ್ನೊಂದು ರೊಟ್ಟಿ

ತಪ್ಪು ನಮ್ಮ ಓಣಿಯದು. ಚಿತ್ತವಾಡ್ಗಿಯ ನಮ್ಮ ಓಣಿಯವರೆಲ್ಲ ಸೇರಿ ಒಂದು ಆಮೆಯನ್ನು ಉಪಚಾರ ಮಾಡಿ ಸಾಯಿಸಲು ಹೊರಟಿದ್ದರು. ಹೊಡೆದು ಅಲ್ಲ, ಹಸಿವೆಯಲ್ಲಿ ಕೆಡವಿ ಅಲ್ಲ. ಬಡಿಸಿ, ಬಡಿಸಿ. ನಲ್ಲಿ ನೀರಿಗಾಗಿ ನಾನು ಧರಣಿ ಕೂತರೆ ಪಕ್ಕದಲ್ಲಿ ಕೂರಲು ಒಬ್ಬರೂ ಬರುವುದಿಲ್ಲ. ಆಮೆಗೆ ತಿನ್ನಿಸಲು ಮಾತ್ರ ಓಣಿಗೆ ಓಣಿಯೇ ಎದ್ದು ಬರುತ್ತದೆ. ಇಂಥವು ನಮ್ಮಲ್ಲಿ ಆಗುತ್ತಲೇ ಇರುತ್ತವೆ. ನಾನು ಕೂಗುತ್ತಲೇ ಇರುತ್ತೇನೆ.

ಆಮೆ ನಮ್ಮ ಅಕ್ಕನದು. ಅಕ್ಕ ಸಣ್ಣ ಖಾನಾವಳಿ ನಡೆಸುತ್ತಾಳೆ, ನಾನು ಆಟೋ ಓಡಿಸುತ್ತೇನೆ. ಮನೆಯಲ್ಲಿ ಆಮೆ ಇದ್ದರೆ ಲಕ್ಷ್ಮಿ ಬರುತ್ತಾಳೆ ಅಂತ ಯಾರೋ ತಲೆ ಕೆಡಿಸಿದರು. ನಮ್ಮ ಕಾಡಿನ ನಕ್ಷತ್ರ ಆಮೆ ತಂದರೆ ಜೈಲು ಗ್ಯಾರಂಟಿ ಅಂತ ನಾನು ಕೂಗಾಡಿದ್ದಕ್ಕೆ, ಹುಬ್ಬಳ್ಳಿಯ ಅಂಗಡಿಯಿಂದ ಕಾಗದಪತ್ರ ಸಮೇತ ಆಫ್ರಿಕಾದ ಆಮೆ ತಂದಳು. ಅಂಗೈಯಷ್ಟಿದ್ದದ್ದು ಈಗ ರೊಟ್ಟಿ ಬಡಿಯುವ ಪರಾತದಷ್ಟು ಆಗಿದೆ. ಬಂದದ್ದು ಹೋಗುವ ಮಾತೇ ಇಲ್ಲವಲ್ಲ, ಅದಕ್ಕೆ ಓಣಿಯಲ್ಲಿ ಅದರ ಹೆಸರು ‘ಬೀಗರು’. ಬಹುವಚನವೇ.

ಸಂಕೋಚದ ಸ್ವಭಾವ

ನಮ್ಮ ಕಡೆ ಊಟದ ಪದ್ಧತಿ ನಿಮಗೆ ಗೊತ್ತು. ಉಣ್ಣುವವರು ‘ಸಾಕು’ ಅಂದರೆ ಇನ್ನೊಂದು ಹಾಕು ಅಂತಲೇ ಅರ್ಥ. ‘ಬ್ಯಾಡ’ ಅಂದರೆ ಎರಡು. ಎಲೆ ಮೇಲೆ ಅಡ್ಡ ಕೈ ಹಿಡಿದರೆ ಕೈ ಮೇಲೇ ಬಡಿಸುತ್ತಾರೆ. ಅಕ್ಕ ಈ ಪದ್ಧತಿಯನ್ನು ಆಮೆಗೂ ಹಚ್ಚಿದಳು. ಅವಳನ್ನು ನೋಡಿ ಓಣಿಯವರೂ ತಟ್ಟೆ ಹಿಡಿದು ಬಂದರು. ರೊಟ್ಟಿ, ಎಣ್ಣೆಗಾಯಿ, ಹಾಲು-ಅನ್ನ. ತಿಂದು ತಿಂದು ಸುಸ್ತಾಗಿ ಆಮೆ ತಲೆ ಒಳಗೆ ಎಳೆದುಕೊಂಡರೆ, “ಪಾಪ, ಬೀಗರದು ಭಾಳ ಸಂಕೋಚದ ಸ್ವಭಾವ” ಅಂತ ಇನ್ನೊಂದು ರೊಟ್ಟಿ ಮುರಿದು ಹಾಕುವಳು.

ಒಂದು ದಿನ ಬೀಗರು ಏಳಲೇ ಇಲ್ಲ. ನಾನು ದನದ ಡಾಕ್ಟರನ್ನು ಕರೆತಂದೆ. ಅವರು ಚಿಪ್ಪು ಒತ್ತಿದರು. ನೆನೆದ ರಟ್ಟಿನ ಹಾಗೆ ಒಳಗೆ ಹೋಯಿತು.

“ಇದಕ್ಕ ಅನ್ನ, ರೊಟ್ಟಿ, ಹಾಲು ವಿಷ ಇದ್ದಂಗರಿ. ದಿನಾ ಹುಲ್ಲು ಹಾಕ್ರಿ, ಒಣಗಿದ್ದು, ಹಸೀದು ಎರಡೂ. ಮ್ಯಾಲ ದಾಸವಾಳದ ಎಲಿ, ಹೂವು, ಗರಿಕಿ, ಮುಳ್ಳು ತಗದ ಪಾಪಸ್ಕಳ್ಳಿ, ಒಂದೊಂದಿನ ಒಂದೊಂದು. ಕ್ಯಾಲ್ಸಿಯಂ ಬೇಕು, ಬಿಸಲು ಬೇಕು. ಮಳಿಗಾಲ ಬರೂದ್ರೊಳಗ ಚಿಪ್ಪು ಗಟ್ಟಿ ಆಗ್ಲಿಲ್ಲಾಂದ್ರ ಉಳಿಯಂಗಿಲ್ಲ.”

ಅಕ್ಕನ ಮುಖ ಸಣ್ಣದಾಯಿತು. ಅವಳು ಒಂಟಿ. ಖಾನಾವಳಿಗೆ ಬಂದವರೆಲ್ಲ ಉಂಡು, ಕೈ ತೊಳೆದು ಹೋಗುತ್ತಾರೆ. ಉಂಡ ಮೇಲೂ ಮನೆಯಲ್ಲೇ ಉಳಿಯುವುದು ಇದೊಂದೇ. ಆದರೂ ಬಾಯಿ ಸುಮ್ಮನಿರಲಿಲ್ಲ: “ಅಲ್ರೀ ಡಾಕ್ಟರ್, ಮನಿಗೆ ಬಂದವ್ರಿಗೆ ಹುಲ್ಲು ಹಾಕಿದ್ರ ಮಂದಿ ಏನಂದಾರು?”

ಮರುದಿನ ಹುಲ್ಲು ಹಾಕಿದಳು. ಹೋಗಿ ನೋಡುತ್ತೇನೆ, ಹುಲ್ಲನ್ನು ಬಾಳೆ ಎಲೆಯಲ್ಲಿ ಬಡಿಸಿದ್ದಾಳೆ! ಎಡಗಡೆ ತುದಿಗೆ ಉಪ್ಪು, ಉಪ್ಪಿನಕಾಯಿ. ಬೀಗರು ಉಪ್ಪಿನಕಾಯಿಯ ತುದಿ ಬಿಟ್ಟು, ಹುಲ್ಲಿನ ಜೊತೆ ಮಿಕ್ಕ ಎಲೆಯನ್ನೂ ತಿಂದು ಮುಗಿಸಿದರು.

ಸೋಮವಾರದ ಉಪವಾಸ

ವಾರಕ್ಕೊಂದು ದಿನ ಹೊಟ್ಟೆ ಖಾಲಿ ಬಿಟ್ಟರೂ ನಡೆಯುತ್ತದೆ ಅಂದಿದ್ದರು ಡಾಕ್ಟರು. ಅಕ್ಕನಿಗೆ ಇದು ಭಾಳ ಹಿಡಿಸಿತು. “ಸೋಮವಾರ ನಾನೂ ಉಪವಾಸ, ಬೀಗರೂ ಉಪವಾಸ” ಅಂದಳು. ನಾನು ನಂಬಿದೆ. ನಮ್ಮವರ ಉಪವಾಸ ಎಂಥದ್ದು ಅಂತ ಗೊತ್ತಿದ್ದೂ ನಂಬಿದೆ!

ಸೋಮವಾರ ಮಧ್ಯಾಹ್ನ ಬಂದರೆ ಆಮೆಯ ಮುಂದೆ ಸಾಬೂದಾಣಿ, ಶೇಂಗಾ ಉಂಡಿ, ಬಟ್ಟಲಲ್ಲಿ ಕೆನೆಹಾಲು.

“ಇದೇನಕ್ಕ ಇದು?”

“ಉಪವಾಸಲೇ. ನೋಡ್ಕೋ, ಒಂದು ಅಗಳು ಅನ್ನ ಇಲ್ಲ.”

“ಬರೇ ನೀರು ಇಡು ಅಂದಿದ್ದೆನಲ್ಲ!”

“ಲೇ, ಅದು ಉಪವಾಸ ಅಲ್ಲಲೇ, ಅದು ನಿನ್ನ ಉಪವಾಸ ಸತ್ಯಾಗ್ರಹ. ನಮ್ಮ ಮನ್ಯಾಗ ಅಂಥಾದ್ದು ನಡಿಯಂಗಿಲ್ಲ.”

ರಾಯರ ಕಾಲದ ಆಮೆ

ಬಿಸಿಲು ಬೇಕು, ಹಸಿ ಹುಲ್ಲು ಬೇಕು. ಓಣಿಯಲ್ಲಿ ಎರಡೂ ಇಲ್ಲ. ಇರುವ ಜಾಗದಲ್ಲೆಲ್ಲ ಬೈಕು ನಿಲ್ಲಿಸಿದ್ದಾರೆ. ಹಂಪಿಗೆ ಬಾಡಿಗೆ ಸಿಕ್ಕಾಗ ಬೀಗರನ್ನು ನನ್ನ ಕಾಲ ಹತ್ತಿರ ಬುಟ್ಟಿಯಲ್ಲಿ ಇಟ್ಟುಕೊಂಡು ಹೋದೆ. ಬಾಳೆತೋಟದ ಬದುವಿನಲ್ಲಿ ಮೇಯಲು ಬಿಟ್ಟು ಚಹಾ ಕುಡಿಯಲು ಹೋದೆ. ವಾಪಸು ಬಂದರೆ ಜನ ಸೇರಿದ್ದಾರೆ. ಚಿಪ್ಪಿನ ಮೇಲೆ ಕುಂಕುಮ, ಮುಂದೆ ಸುಲಿದ ಬಾಳೆಹಣ್ಣಿನ ರಾಶಿ. ಪರಿಚಯದ ಗೈಡು ಒಬ್ಬ ಪ್ರವಾಸಿಗಳಿಗೆ ವಿವರಿಸುತ್ತಿದ್ದಾನೆ: “ಅಲ್ಲಿ ಕಂಬದ ಮೇಲೆ ಕೆತ್ತಿದ ಕೂರ್ಮ ನೋಡಿದ್ರಲ್ಲ, ಅದೇ ವಂಶದ್ದು. ಆಮೆ ಆಯುಷ್ಯ ನಿಮಗೆ ಗೊತ್ತಲ್ಲ. ಇದು ಹಂಪಿ ಆಳಿದ ರಾಯರ ಕಾಲದ್ದು.”

ಒಬ್ಬ ಹೆಂಗಸು ಕಣ್ಣು ಮುಚ್ಚಿ ಕೈ ಮುಗಿದಿದ್ದಳು. ನಾನು ಜನರ ನಡುವೆ ನುಗ್ಗಿ ಕೂಗಿದೆ.

“ಯಾವ ರಾಯರೂ ಇಲ್ಲ! ಇದು ಹುಬ್ಬಳ್ಳಿ ಅಂಗಡ್ಯಾಗ ತಂದದ್ದು! ಹಣ್ಣು ಹಾಕಬ್ಯಾಡ್ರಿ, ಅದಕ್ಕ ಭೇದಿ ಆಗ್ತೈತಿ!”

ಗೈಡು ಒಂದಿಷ್ಟೂ ಕಂಗೆಡಲಿಲ್ಲ. ಅವರ ಕಡೆ ತಿರುಗಿ ಅಂದ: “ಅಣ್ಣಾರು ಹೇಳೋದು ಖರೇ. ಆ ಕಾಲಕ್ಕ ಹುಬ್ಬಳ್ಳಿನೂ ರಾಯರದೇ ಇತ್ತು.”

ಬೀಗರಿಗೆ ಭೇದಿ ಆಯಿತು. ವಾಪಸು ಬರುವಾಗ, ನನ್ನ ಆಟೋದಲ್ಲೇ.

ಸಂಡೂರಿನ ಸೊಪ್ಪು

ಸಂಡೂರಿನಲ್ಲಿ ನನ್ನ ಹೆಂಡತಿಯ ತಮ್ಮ ಅದಿರಿನ ಲಾರಿ ಓಡಿಸುತ್ತಾನೆ. “ಗುಡ್ಡದ ಸೊಪ್ಪು ತಂದುಕೊಡು” ಅಂದಿದ್ದೆ. ಗುಡ್ಡ ಹತ್ತಲು ಅವನಿಗೇನು ಹುಚ್ಚೇ? ಲಾರಿ ನಿಲ್ಲುವ ರಸ್ತೆ ಬದಿಯಲ್ಲೇ ಕೊಯ್ದು ಚೀಲ ತುಂಬಿ ತಂದ. ನಾನಿಲ್ಲದ ಹೊತ್ತಿನಲ್ಲಿ ಅಕ್ಕ ಹಾಗೇ ಹಾಕಿದಳು. ಸ್ವಲ್ಪ ಹೊತ್ತಿಗೆ ಫೋನು: “ಜಲ್ದಿ ಬಾರಲೇ, ಬೀಗರ ಬಾಯಾಗ ರಕ್ತ ಬರಾಕತ್ತೈತಿ!”

ರಕ್ತ ಅಲ್ಲ, ಅದಿರಿನ ಧೂಳು. ಚೀಲದಲ್ಲಿ ಹಸಿರು ಎಲೆ ಒಂದೂ ಇರಲಿಲ್ಲ, ಎಲ್ಲ ಕೆಂಪು. ತೊಳೆದ ನೀರು ಬಚ್ಚಲ ತುಂಬ ಓಕುಳಿ. ಆ ಧೂಳನ್ನು ನುಂಗಿಕೊಂಡೇ ಅಲ್ಲಿ ಮನುಷ್ಯರೂ ಬದುಕುತ್ತಿದ್ದಾರೆ, ಅವರನ್ನು ತೊಳೆಯುವವರು ಯಾರು ಅಂತ ನಾನು ಭಾಷಣ ಶುರು ಮಾಡಿದೆ. ಭಾವಮೈದ ತಲೆ ಕೆರೆದುಕೊಂಡ.

“ಭಾವಾ, ಚಿಪ್ಪು ಗಟ್ಟಿ ಆಗಬೇಕು ಅಂದಿದ್ರಿ. ಕಬ್ಬಿಣಕ್ಕಿಂತ ಗಟ್ಟಿದು ನಮ್ಮೂರಾಗ ಏನೂ ಸಿಗಂಗಿಲ್ಲರಿ.”

ಮೊಟ್ಟೆ ಚಿಪ್ಪು

ಕ್ಯಾಲ್ಸಿಯಂಗೆ ಮೊಟ್ಟೆಯ ಚಿಪ್ಪು ಕುದಿಸಿ, ಒಣಗಿಸಿ, ಪುಡಿ ಮಾಡಿ ಸೊಪ್ಪಿನ ಮೇಲೆ ಉದುರಿಸಿ ಅಂದರು ಡಾಕ್ಟರು. ಅಕ್ಕನದು ಅಪ್ಪಟ ಸಸ್ಯಾಹಾರಿ ಖಾನಾವಳಿ. ಅಲ್ಲಿ ಆಗ ಉಣ್ಣುತ್ತ ಕೂತಿದ್ದವರು ಕಂಪ್ಲಿಯ ಅಕ್ಕಿ ಗಿರಣಿಯ ಸಾಹುಕಾರರು. ವಾರಕ್ಕೊಮ್ಮೆ ಬರುವ ಖಾಯಂ ಗಿರಾಕಿ. ಕೈಯಲ್ಲಿದ್ದ ತುತ್ತು ಕೆಳಗೆ ಇಟ್ಟರು.

“ಏನವ್ವ, ಮೊಟ್ಟಿ ಒಳಗ ಬರ್ತಾವಂದ್ರ ನಾನು ಇಲ್ಲಿ ನೀರು ಸೈತ ಮುಟ್ಟಂಗಿಲ್ಲ.”

ಅಕ್ಕ ನನ್ನನ್ನು ಹಿತ್ತಲಿಗೆ ಕರೆದು ಪಿಸುಗುಟ್ಟಿದಳು: “ಒಳಗ ತರಬ್ಯಾಡ. ನಿನ್ನ ಆಟೋದಾಗ ತಿನ್ನಿಸು. ಬೀಗರು ಹೊರಗ ಏನು ತಿಂತಾರೋ ನನಗ ಗೊತ್ತಿಲ್ಲ.”

ಆ ಸಂಜೆಯೇ ಚಿಪ್ಪು ಕೇಳಲು ಬಸ್ ಸ್ಟ್ಯಾಂಡ್ ಹತ್ತಿರದ ಎಗ್‌ರೈಸ್ ಗಾಡಿಗೆ ಹೋದೆ. ಗಾಡಿಯ ಹಿಂದೆ, ಕತ್ತಲಲ್ಲಿ, ಗೋಡೆಗೆ ಮುಖ ಮಾಡಿ ಒಬ್ಬರು ಆಮ್ಲೆಟ್ ತಿನ್ನುತ್ತಿದ್ದರು. ತಿರುಗಿದರು. ಕಂಪ್ಲಿ ಸಾಹುಕಾರರು!

ಅವರೇ ಬಾಯಿ ಒರೆಸಿಕೊಂಡು ಅಂದರು: “ನಾನೂ ಬೀಗರ ಸಲುವಾಗೇ ಬಂದೀನೋ ತಮ್ಮ. ಚಿಪ್ಪು ಖಾಲಿ ಮಾಡಿ ಕೊಡಾಕತ್ತೀನಿ.”

ಆಮೇಲೆ ಪ್ರತಿ ವಾರ ಚಿಪ್ಪು ಅವರೇ ಪೊಟ್ಟಣ ಕಟ್ಟಿ ತಂದುಕೊಟ್ಟರು. ಬೀಗರಿಗೆ ಸಾಕಾಗಿ ಉಳಿಯುವಷ್ಟು ಇರುತ್ತಿತ್ತು.

ಡಾಕ್ಟರ ಊಟ

ಮೊದಲ ಮಳೆ ಬಿದ್ದ ವಾರ ಡಾಕ್ಟರು ಬಂದರು. ಅಕ್ಕ ಅವರ ಬೆರಳನ್ನೇ ನೋಡುತ್ತ ಸೆರಗಿನ ತುದಿ ಹಿಂಡುತ್ತಿದ್ದಳು. ಅವರು ಚಿಪ್ಪು ಒತ್ತಿದರು. ಒಳಗೆ ಹೋಗಲಿಲ್ಲ. ಬೆರಳಲ್ಲಿ ತಟ್ಟಿದರು. ಒಣ ಕೊಬ್ಬರಿ ಬಟ್ಟಲಿನ ಸದ್ದು.

“ಬದುಕ್ತೈತ್ರಿ. ನಿಮ್ಮಿಬ್ಬರಕಿಂತ ಜಾಸ್ತಿ ಬದುಕ್ತೈತಿ.”

ಅಕ್ಕ ಕಣ್ಣೊರೆಸಿಕೊಂಡು ಒಳಗೆ ಹೋದವಳು ಹೋಳಿಗೆ ಬುಟ್ಟಿ ಹಿಡಿದೇ ಹೊರಬಂದಳು. ಡಾಕ್ಟರನ್ನು ನೆಲದ ಮೇಲೆ ಕೂರಿಸಿ ಅಗಲವಾದ ಬಾಳೆ ಎಲೆ ಹಾಸಿದಳು. ಮೊದಲ ಹೋಳಿಗೆ ಖುಷಿಯಿಂದ ತಿಂದರು. ಎರಡನೆಯದಕ್ಕೆ “ಸಾಕ್ರಿ” ಅಂದರು. ಮೂರನೆಯದು ಬಿತ್ತು. “ಬ್ಯಾಡ್ರಿ, ಖರೇನ ಬ್ಯಾಡ್ರಿ” ಅಂದರು. ಜೋಡಿಯಾಗಿ ಬಿದ್ದವು, ಮೇಲೆ ತುಪ್ಪ. ಅಡ್ಡ ಕೈ ಹಿಡಿದರು. ಕೈ ಮೇಲೇ ಒಂದು. ಕೊನೆಗೆ ಆ ಮನುಷ್ಯ ಭುಜ ಎರಡೂ ಮೇಲೆತ್ತಿ, ಕುತ್ತಿಗೆಯನ್ನು ಅಂಗಿಯ ಕಾಲರಿನೊಳಗೆ ಎಳೆದುಕೊಂಡು ಮುದುಡಿ ಕೂತ.

ಅಕ್ಕ ನನ್ನ ಕಡೆ ನೋಡಿ ಮೆಲ್ಲಗೆ ಅಂದಳು: “ಇವರದೂ ಸಂಕೋಚದ ಸ್ವಭಾವ.” ಮತ್ತೆ ಬುಟ್ಟಿಗೆ ಕೈ ಹಾಕಿದಳು.

ಆಗ ಮೂಲೆಯಿಂದ ಬೀಗರು ಎದ್ದರು. ತಿಂಗಳುಗಟ್ಟಲೆ ನೆಟ್ಟಗೆ ನಡೆಯಲಾರದೆ ಇದ್ದ ಜೀವ ದಪ್ಪ ದಪ್ಪ ಹೆಜ್ಜೆ ಇಡುತ್ತ ನೇರವಾಗಿ ಬಂದು ಡಾಕ್ಟರ ಎಲೆಯ ತುದಿಗೆ ಬಾಯಿ ಹಾಕಿತು. ಕಚ್ಚಿ, ಹಿಂದಕ್ಕೆ ಎಳೆಯಿತು. ಎಲೆ ಚರ್ರನೆ ಹರಿಯಿತು. ಹೋಳಿಗೆ, ತುಪ್ಪ ನೆಲದ ಪಾಲು. ಬೀಗರು ಅವನ್ನು ಮೂಸಿಯೂ ನೋಡದೆ ಎಲೆಯನ್ನು ಎಳೆದುಕೊಂಡು ಹಿತ್ತಲ ಕಡೆ ನಡೆದುಬಿಟ್ಟರು. ಅಕ್ಕ ಹೋಳಿಗೆ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ನಿಂತಳು. ಎಲೆಯೇ ಹೋದ ಮೇಲೆ ಬಡಿಸುವುದು ಎಲ್ಲಿಗೆ?

ಡಾಕ್ಟರು ಹಿತ್ತಲ ಕಡೆ ತಿರುಗಿ ಎರಡೂ ಕೈ ಜೋಡಿಸಿದರು: “ಉಪಕಾರ ಆತ್ರೀ, ಬೀಗರ.”

ಡಾಕ್ಟರನ್ನು ಬಿಡಿಸಲು ಆಮೆ ಇತ್ತು. ನಿಮ್ಮ ಮನೆಯ ಆಮೆಯನ್ನು ಬಿಡಿಸಲು ಯಾರೂ ಬರುವುದಿಲ್ಲ. ಓದಿ ನಕ್ಕಿರಲ್ಲ, ಈಗ ಏಳಿ. ಅದರ ಮುಂದಿನ ಅನ್ನದ ತಟ್ಟೆ ತೆಗೆಯಿರಿ, ಹೊರಗೆ ಹೋಗಿ ಒಂದು ಹಿಡಿ ಹುಲ್ಲು ಕಿತ್ತು ತನ್ನಿ. ತೊಳೆದು ಹಾಕಿ. ತಲೆ ಒಳಗೆ ಎಳೆದುಕೊಂಡರೆ ಅದಕ್ಕೆ ಸಾಕಾಗಿದೆ. ಕೈ ಹಿಂದಕ್ಕೆ ತೆಗೆಯಿರಿ!