ಕ್ರಿಯಾವೀರನ ಭಾನುವಾರ

ಮೂರನೇ ಮಹಡಿಯ ಲಿಫ್ಟ್ ಬಾಗಿಲಿನ ಸಂದಿಯಲ್ಲಿ ಒಂದು ಅಂಗಿಗುಂಡಿ ಬಿದ್ದು ಸಿಕ್ಕಿಕೊಂಡದ್ದೇ ಎಲ್ಲ ರಾದ್ಧಾಂತಕ್ಕೂ ಮೂಲ. ಬಾಗಿಲು ಪೂರ್ತಿ ಮುಚ್ಚಿಕೊಳ್ಳದೆ ಲಿಫ್ಟ್ ಮುಷ್ಕರ ಹೂಡಿ ಮೂರು ವಾರವಾಗಿತ್ತು. ಆ ಬಾಗಿಲಿಗೆ ಹನ್ನೆರಡೇ ಹೆಜ್ಜೆ ದೂರದ ಮನೆಯಲ್ಲಿ ಇಪ್ಪತ್ತು ವರ್ಷ ಅನುಭವವಿದ್ದ ಲಿಫ್ಟ್ ಮೆಕ್ಯಾನಿಕ್ ಒಬ್ಬ ವಾಸವಾಗಿದ್ದ. ಆದರೆ ಅವನಿಗೆ ಪುರುಸೊತ್ತಿರಲಿಲ್ಲ. ಅವನು ಆನ್‌ಲೈನಿನಲ್ಲಿ ಕ್ರೈಸ್ತ ಧರ್ಮವನ್ನು ಕಾಪಾಡುತ್ತಿದ್ದ.

ಊರಿನ ಚರ್ಚುಗಳವರೆಲ್ಲ ಸೇರಿ ನಡೆಸುತ್ತಿದ್ದ ಒಂದು ಆನ್‌ಲೈನ್ ವೇದಿಕೆಯಲ್ಲಿ ಅವನು ಇಟ್ಟುಕೊಂಡಿದ್ದ ಹೆಸರು 'ಕ್ರಿಯಾವೀರ'. ಆ ಕ್ರಿಯಾವೀರ ತಾನೇ ಎಂದು ಕಟ್ಟಡಕ್ಕೆಲ್ಲ ಡಂಗುರ ಸಾರಿಯೂ ಆಗಿತ್ತು. ಯೇಸುವನ್ನು ನಂಬುವುದೆಂದರೆ ನೆರೆಯವರಿಗಾಗಿ ತೋಳೇರಿಸಿ ದುಡಿಯುವುದು ಎಂಬುದು ಅವನ ವಾದ. ಮನಸ್ಸಿನಲ್ಲಿ ನಂಬಿಕೆಯಿದ್ದರೆ ಸಾಕು, ಕೈ ಯಾಕೆ ಆಡಿಸಬೇಕು ಎಂಬುದು 'ಕಲ್ಲುಬಂಡೆ' ಎಂಬ ಅನಾಮಿಕನ ಮೊಂಡುವಾದ. ಮೂರು ವಾರದಿಂದ ಇಬ್ಬರೂ ಜಗ್ಗಿರಲಿಲ್ಲ. ಕ್ರಿಯಾವೀರನು ಕುರ್ಚಿಯಿಂದ ಎದ್ದೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಹೆಂಡತಿ ಬಂದು ಎದುರಿಗೆ ನಿಂತಳು.

"ರೀ, ಹತ್ತು ಗಂಟೆಗೆ ಐದನೇ ಮಹಡಿ ಅಜ್ಜಿಯ ಮರಿಮಗೂಗೆ ದೀಕ್ಷಾಸ್ನಾನ. ಮಗೂನ ಎತ್ಕೊಂಡು ನಿಲ್ಲಬೇಕಾದವರು ಅವರೇ. ಮಂಡಿ ಸವೆದಿದೆ, ಮೆಟ್ಟಿಲು ಇಳಿಯೋಕಾಗಲ್ಲ. ಹೊಸ ಬಟ್ಟೆ ಹಾಕ್ಕೊಂಡು ಅಳ್ತಾ ಕೂತಿದಾರೆ."

"ಅದು ನಮ್ಮ ಕಂಪನಿ ಲಿಫ್ಟಲ್ಲ ಕಣೇ. ಇರು, ಇವನ ಬಾಯಿ ಮುಚ್ಚಿಸಿಬಿಡ್ತೀನಿ."

ಅವಳು ಉಸಿರೆಳೆದುಕೊಂಡು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಕಲ್ಲುಬಂಡೆಯ ಸಂದೇಶ ಬಂತು: 'ಕ್ರಿಯಾವೀರರೇ, ನಿಮ್ಮ ಕಟ್ಟಡದ ಲಿಫ್ಟ್ ಕೆಟ್ಟು ಮೂರು ವಾರವಾಯಿತಂತೆ. ಗಾಬರಿ ಬೇಡ. ಕೂತಲ್ಲೇ, ಮನಸ್ಸಿನಲ್ಲೇ ರಿಪೇರಿ ಮಾಡಿಬಿಡಿ.'

ನೋಡನೋಡುತ್ತ ನಲವತ್ತು ಜನ ಅದಕ್ಕೆ ನಗುಮುಖ ಒತ್ತಿದರು. ಮೆಕ್ಯಾನಿಕ್‌ಗೆ ಮೈಯೆಲ್ಲ ಉರಿದುಹೋಯಿತು. "ಇವನು ಈ ಕಟ್ಟಡದವನೇ! ಆ ಸೆಕ್ರೆಟರಿಯೇ ಇರಬೇಕು!" ಎಂದು ಹಲ್ಲು ಕಡಿಯುತ್ತ ಟೂಲ್ ಡಬ್ಬ ಎತ್ತಿಕೊಂಡ.

ಕಟ್ಟಡದ ಸೆಕ್ರೆಟರಿ, ಕೆಲಸದಿಂದ ನಿವೃತ್ತನಾದರೂ ಸಲಹೆಯಿಂದ ನಿವೃತ್ತನಾಗದ ಮನುಷ್ಯ, ಆಗಲೇ ಲಿಫ್ಟಿನ ಮುಂದೆ ಹಾಜರಾಗಿದ್ದ. "ಮೆಕ್ಯಾನಿಕ್ರೇ, ಮೋಟಾರೇ ಸುಟ್ಟಿದೆ. ಬರೆದಿಟ್ಕೊಳ್ಳಿ."

ಮೆಕ್ಯಾನಿಕ್ ಮಂಡಿಯೂರಿ, ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಗುಂಡಿಯನ್ನು ಹೊರಗೆಳೆದ.

"ಅರೆ, ನೀಲಿ ಗುಂಡಿ," ಎಂದ ಸೆಕ್ರೆಟರಿ, "ನಿಮ್ಮ ಅಂಗೀಲೂ ಇಂಥದ್ದೇ ಒಂದು ಇಲ್ವಲ್ಲ?"

ಮೆಕ್ಯಾನಿಕ್ ಎದೆ ಮುಟ್ಟಿ ನೋಡಿಕೊಂಡ. ನಿಜ, ಇರಲಿಲ್ಲ. ಮೊಬೈಲ್ ನೋಡುತ್ತ ನಡೆಯುವವನಿಗೆ ಗುಂಡಿ ಉದುರಿದ್ದು ಹೇಗೆ ಗೊತ್ತಾಗಬೇಕು? ಗುಂಡಿಯನ್ನು ಜೇಬಿಗಿಳಿಸಿ, ಬಾಗಿಲು ಮುಚ್ಚಿದಾಗ ಲಿಫ್ಟಿಗೆ ಹೊರಡಲು ಅಪ್ಪಣೆ ಕೊಡುವ ಪುಟ್ಟ ಲೋಹದ ಪಟ್ಟಿಯೊಂದು ಸೊಟ್ಟಗಾಗಿದ್ದುದನ್ನು ನೆಟ್ಟಗೆ ಮಾಡಿ, ಸ್ಕ್ರೂ ಬಿಗಿಯಲು ತೊಡಗಿದ. ಹೆಂಡತಿ ಹಿಂದೆ ನಿಂತು ತನ್ನ ಮೊಬೈಲಿನ ಟಾರ್ಚ್ ಹಿಡಿದಿದ್ದಳು. ಬೆಳಕು ಯಾಕೋ ಅಲುಗಾಡಿತು. ಅವನ ಜೇಬಿನಲ್ಲಿ ಟಿಂಗ್ ಎಂದಿತು.

'ಮನಸ್ಸಿನ ರಿಪೇರಿ ಎಲ್ಲಿಗೆ ಬಂತು?' ಎಂದು ಕೇಳಿತ್ತು ಕಲ್ಲುಬಂಡೆ.

ಸ್ಕ್ರೂ ಅರ್ಧಕ್ಕೇ ಬಿಟ್ಟು ಅವನು ಉತ್ತರ ಕುಟ್ಟತೊಡಗಿದ. ಅಷ್ಟರಲ್ಲಿ ಸೆಕ್ರೆಟರಿ, "ಮೊದಲು ಕಮಿಟಿ ಪರಿಶೀಲಿಸಬೇಕು" ಎನ್ನುತ್ತ ಲಿಫ್ಟಿನೊಳಗೆ ಹೊಕ್ಕು ಐದನ್ನು ಒತ್ತಿಯೇಬಿಟ್ಟ. ಲಿಫ್ಟ್ ಗುರ್ರೆಂದು ಮೇಲೇರಿತು. ಅರ್ಧ ಮಹಡಿ ಹೋಗುವಷ್ಟರಲ್ಲಿ ಸಡಿಲ ಸ್ಕ್ರೂ ಉದುರಿ, ಸೆಕ್ರೆಟರಿ ಮೂರಕ್ಕೂ ನಾಲ್ಕಕ್ಕೂ ನಡುವೆ ನಿಂತುಹೋದ.

"ಅಯ್ಯೋ! ಮೋಟಾರೇ ಅಂತ ನಾನು ಹೇಳಿರಲಿಲ್ವಾ?" ಎಂದು ಒಳಗಿನಿಂದ ಸಲಹೆ ಮುಂದುವರಿಯಿತು.

ಗಂಟೆ ಒಂಬತ್ತೂ ಇಪ್ಪತ್ತು. ಮೇಲಿನಿಂದ ಅಜ್ಜಿಯ ದನಿ ಇಳಿದು ಬಂತು. "ಹೋಗ್ಲಿ ಬಿಡಪ್ಪ. ನನಗೆ ಆ ಯೋಗ ಇಲ್ಲ ಅಂತ ಕಾಣತ್ತೆ. ಮಗೂನ ಬೇರೆ ಯಾರಾದ್ರೂ ಎತ್ಕೊಳ್ಳಲಿ."

ಆ ಮಾತು ಮೆಕ್ಯಾನಿಕ್‌ನ ಬೆರಳನ್ನು ಮೊಬೈಲಿನ ಮೇಲೇ ನಿಲ್ಲಿಸಿತು. ಮೂರು ವಾರದಲ್ಲಿ ತಾನು ಬರೆದದ್ದೆಲ್ಲ ಒಟ್ಟಾಗಿ ಬಂದು ಕಪಾಳಕ್ಕೆ ಬಾರಿಸಿದಂತಾಯಿತು. ಮೊಬೈಲನ್ನು ಹೆಂಡತಿಯ ಕೈಗೆ ತುರುಕಿ, "ಇಟ್ಕೋ. ನಾನು ಕೇಳಿದ್ರೂ ಕೊಡಬೇಡ" ಎಂದ.

"ತಪ್ಪು ನನ್ನದೂ ಇದೆ" ಎಂದು ಅವಳು ಗೊಣಗಿದಳು. ಅವನಿಗೆ ಕೇಳಿಸಲಿಲ್ಲ, ಅವನಾಗಲೇ ಮೆಟ್ಟಿಲ ಮೇಲಿದ್ದ.

ತಾರಸಿಯ ಮೇಲಿನ ಮೋಟಾರ್ ಕೋಣೆಯಲ್ಲಿ ಅವಳು ಬ್ರೇಕಿನ ಹಿಡಿಯನ್ನು ಒತ್ತಿ ಹಿಡಿದಳು, ಅವನು ಎರಡು ಕೈಯಿಂದ ಚಕ್ರ ತಿರುಗಿಸಿದ. ಗೇಣು ಗೇಣಾಗಿ, ಸೆಕ್ರೆಟರಿಯ ಸಲಹೆಗಳ ಸಮೇತ, ಲಿಫ್ಟ್ ನಾಲ್ಕನೇ ಮಹಡಿ ಸೇರಿತು. ಸೆಕ್ರೆಟರಿಯನ್ನು ಹೊರಗೆಳೆದದ್ದೇ ಮೆಕ್ಯಾನಿಕ್ ಕೆಳಕ್ಕೆ ಓಡಿ, ಸ್ಕ್ರೂ ಹುಡುಕಿ, ಪಟ್ಟಿಯನ್ನು ಹಲ್ಲು ಕಚ್ಚಿ ಬಿಗಿದ. ತಾನೇ ಒಳಗೆ ಹೊಕ್ಕು ಎರಡು ಸಲ ಮೇಲೆ ಕೆಳಗೆ ಓಡಾಡಿ ನೋಡಿದ. ಒಂಬತ್ತೂ ಐವತ್ತಕ್ಕೆ ಐದನೇ ಮಹಡಿಯ ಬಾಗಿಲು ತೆರೆಯಿತು.

ಅಜ್ಜಿ ಅವನ ತೋಳು ಹಿಡಿದು ಮಹಾರಾಣಿಯ ಹಾಗೆ ಕೆಳಗಿಳಿದು ಬಂದರು. ಕಟ್ಟಡಕ್ಕೆ ಕಟ್ಟಡವೇ ಚಪ್ಪಾಳೆ ತಟ್ಟಿತು. ಚರ್ಚಿನಲ್ಲಿ ಪಾದ್ರಿಗಳು ನೀರು ಸುರಿದಾಗ ಮಗು ಅಜ್ಜಿಯ ತೋಳಿನಲ್ಲೇ ಕಿಟಾರನೆ ಕಿರುಚಿತು. ಕೊನೆಯ ಬೆಂಚಿನಲ್ಲಿ ಗ್ರೀಸ್ ಮೆತ್ತಿದ ಕೈ ಕಟ್ಟಿಕೊಂಡು ಕೂತ ಮೆಕ್ಯಾನಿಕ್‌ಗೆ ಕಣ್ಣು ತುಂಬಿ ಬಂತು. ಇಷ್ಟು ಸಂತೋಷ ಅವನಿಗೆ ಯಾವ ವಾದದಲ್ಲೂ ಸಿಕ್ಕಿರಲಿಲ್ಲ.

ಹೊರಗೆ ಬಂದಾಗ ಸೆಕ್ರೆಟರಿಯನ್ನು ಅಡ್ಡಗಟ್ಟಿ, "ನಿಜ ಹೇಳಿ, ಕಲ್ಲುಬಂಡೆ ನೀವೇ ತಾನೆ?" ಎಂದ.

"ನಾನಾ? ನಂಗೆ ಟೈಪ್ ಮಾಡೋಕೇ ಬರಲ್ಲ ಮಾರಾಯ್ರೇ. ಓದಿ ಖುಷಿಪಡ್ತೀನಿ ಅಷ್ಟೆ."

ಮನೆಗೆ ಬಂದು ಊಟವಾದ ಮೇಲೆ ಮೊಬೈಲ್ ವಾಪಸು ಸಿಕ್ಕಿತು. ತೆರೆದರೆ ಕಲ್ಲುಬಂಡೆಯ ಬರಹ: 'ಕ್ರಿಯಾವೀರರೇ, ಇಂದು ನೀವು ಮಾಡಿದ್ದು ತಿಳಿಯಿತು. ಸೋತೆ. ಶರಣು.'

"ಗೆದ್ದೆ ಕಣೇ!" ಎಂದು ಕುಪ್ಪಳಿಸಿದ ಮೆಕ್ಯಾನಿಕ್, 'ತಾವು ಯಾರು?' ಎಂದು ಬರೆದು ಕಳಿಸಿದ.

ಅಡುಗೆಮನೆಯಲ್ಲಿ ಟಿಂಗ್ ಎಂದಿತು.

ಬರೀ ಒಂದು ಚುಕ್ಕೆ ಕಳಿಸಿದ. ಮತ್ತೆ ಟಿಂಗ್. ಅವನು ಮೆಲ್ಲಗೆ ಎದ್ದು ಹೋಗಿ ಇಣುಕಿದ. ಹೆಂಡತಿ ಕೈ ಒರೆಸಿಕೊಳ್ಳುತ್ತ ನಗುತ್ತಿದ್ದಳು.

"ನೀನಾ! ಆ ದರಿದ್ರ ವಾದ ಎಲ್ಲಿ ಕಲಿತೆ?"

"ಮೂರು ವಾರ ನಿಮ್ಮನ್ನ ನೋಡಿ."

"ನೇರವಾಗಿ ಹೇಳಬಾರದಿತ್ತಾ?"

"ಹನ್ನೊಂದು ಸಲ ಹೇಳಿದೆ. ಹನ್ನೊಂದು ಸಲಾನೂ 'ಇರು' ಅಂದ್ರಿ. ಇಲ್ಲಿ ಬರೆದ್ರೆ ಮಾತ್ರ ಮರುನಿಮಿಷ ಉತ್ತರ!"

ಅವಳು ತನ್ನ ಮೊಬೈಲಿನಲ್ಲಿ ಏನೋ ಒತ್ತಿದಳು, ಅವನ ಕೈಯಲ್ಲಿ ಟಿಂಗ್ ಎಂದಿತು. ವೇದಿಕೆಯಲ್ಲಿ ಹೊಸ ಪ್ರಕಟಣೆ ಬಂದಿತ್ತು: 'ಕ್ರಿಯಾವೀರರು ಇನ್ನು ಪ್ರತಿ ಭಾನುವಾರ ಕೈಲಾಗದವರ ಮನೆ ರಿಪೇರಿಗಳನ್ನು ಉಚಿತವಾಗಿ ಮಾಡಿಕೊಡುತ್ತಾರೆ. ಹೆಸರು ಬರೆಸಿ.' ನೋಡನೋಡುತ್ತ ಇಪ್ಪತ್ತಾರು ಹೆಸರು ಬಿದ್ದವು. ಅವನು ನಿಟ್ಟುಸಿರಿಟ್ಟು ಪಟ್ಟಿಯ ಮೇಲ್ತುದಿಗೆ ಬೆರಳಾಡಿಸಿದ.

ಮೊದಲ ಹೆಸರು: 'ಕಲ್ಲುಬಂಡೆ, ಮೂರನೇ ಮಹಡಿ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ.'