ಗುಳಿಗೆ ಒಲೆ, ಮಾವನ ಕೊಡಲಿ

ಪಕ್ಕದ ಮನೆಯ ವಿಲ್ಮಾ ಒಂದು ಮುಚ್ಚಳ ತೆಗೆದು ಇಣುಕಿದಳು, ತಿರುಗಿ ಮುಚ್ಚಲಿಲ್ಲ. ನಡೆದದ್ದು ಇಷ್ಟೇ. ಇಷ್ಟಕ್ಕೇ ಲೀಲಂಡನ ಶನಿವಾರಗಳೆಲ್ಲ ಕೈಬಿಟ್ಟು ಹೋದವು ಎಂದರೆ ಬೇರೆ ಕಡೆಯವರು ನಂಬುವುದಿಲ್ಲ. ಟೆಕ್ಸಸ್ಸಿನ ಆ ಸಣ್ಣ ಊರಿನಲ್ಲಿ ಮಾತ್ರ, ವಿಲ್ಮಾಳನ್ನು ಬಲ್ಲವರೆಲ್ಲ ನಂಬುತ್ತಾರೆ.

ಮುಚ್ಚಳ ಲೀಲಂಡನ ಹಿತ್ತಲಿನ ಹೊಸ ಗುಳಿಗೆ ಒಲೆಯದು. ಮರದ ಹೊಟ್ಟನ್ನು ಒತ್ತಿ ಮಾಡಿದ ಗುಳಿಗೆಗಳನ್ನು ಪಕ್ಕದ ಡಬ್ಬಕ್ಕೆ ಸುರಿದು, ಪ್ಲಗ್ಗು ಚುಚ್ಚಿ, ಶಾಖ ಎಷ್ಟು ಬೇಕೆಂದು ಹೇಳಿಬಿಟ್ಟರೆ ಮುಗಿಯಿತು. ಅದೇ ಗುಳಿಗೆ ನುಂಗುತ್ತದೆ, ಅದೇ ಬೆಂಕಿ ಕಾಯುತ್ತದೆ, ಅದೇ ಹೊಗೆ ಕೊಡುತ್ತದೆ. ಮಾಂಸ ಎಲ್ಲಿಯವರೆಗೆ ಬೆಂದಿತೆಂದು ಫೋನಿಗೆ ಸುದ್ದಿಯನ್ನೂ ಕಳಿಸುತ್ತದೆ. ಮನುಷ್ಯನಿಗೆ ಉಳಿಯುವುದು ತಿನ್ನುವ ಕೆಲಸವೊಂದೇ. ಕನ್ನಡಕದ ಅಂಗಡಿಯಲ್ಲಿ ಗಾಜು ಒರೆಸಿ ಒರೆಸಿ ಅಂಗೈ ಬೆಣ್ಣೆಯಂತಾಗಿದ್ದ ಲೀಲಂಡನಿಗೆ ಹೇಳಿ ಮಾಡಿಸಿದಂಥ ಒಲೆ.

ಅವನ ಮಾವ ಆಲ್ವಿನ್‌ಗೆ ಅದರ ಹೆಸರೆತ್ತಿದರೆ ಆಗದು. ದಪ್ಪ ಕಬ್ಬಿಣದ ಕೊಳವೆ ಸೀಳಿ ಮಾಡಿದ ಒಲೆಯಲ್ಲಿ, ತನ್ನ ಕೈಯಾರೆ ಒಡೆದ ಓಕ್ ಸೌದೆ ಉರಿಸಿ, ಜೀವಮಾನವಿಡೀ ದನದ ಮಾಂಸಕ್ಕೆ ಹೊಗೆ ಹಿಡಿಸಿದವನು ಆತ. "ಗುಳಿಗೆ ನುಂಗೋಕೆ ನಾನೊಬ್ಬ ಇದೀನಲ್ಲಪ್ಪ, ಒಲೆಗೂ ಯಾಕೆ ಆ ಕರ್ಮ?" ಎನ್ನುತ್ತಿದ್ದ.

ಆದರೆ ಹಿಂದಿನ ಚಳಿಗಾಲದಲ್ಲಿ ಸೌದೆ ಒಡೆಯುವಾಗ ಕೊಡಲಿ ಜಾರಿ ಮುದುಕನ ಬೂಟಿನ ಮೂತಿಯೇ ಹಾರಿಹೋಯಿತು. ಬೆರಳು ಉಳಿದದ್ದು ಬೂಟು ಒಂದು ಅಳತೆ ದೊಡ್ಡದಿದ್ದುದರಿಂದ. ಅದಕ್ಕೇ ಬೂಟು ದೊಡ್ಡದು ಕೊಳ್ಳಬೇಕು ಎಂದು ಆತ ಊರಿಗೆಲ್ಲ ಬುದ್ಧಿ ಹೇಳಿಕೊಂಡು ತಿರುಗಿದ. ಅವನ ಮಗಳು, ಲೀಲಂಡನ ಹೆಂಡತಿ ಡಾರ್ಲಾ, ಅಂದಿನಿಂದ ಫೋನು ಗುನುಗಿದರೂ ಎದೆ ಹಿಡಿದುಕೊಳ್ಳತೊಡಗಿದಳು. ಅತ್ತಳು, ಕೂಗಾಡಿದಳು, ಮಾತು ಬಿಟ್ಟಳು. ಕೊನೆಗೆ ಮುದುಕ ಒಂದು ಮಾತಿಗೆ ಒಪ್ಪಿದ. ಭಾನುವಾರ ನಿಮ್ಮ ಮನೆಗೆ ಊಟಕ್ಕೆ ಬರುತ್ತೇನೆ, ಆ ಯಂತ್ರದ ಮಾಂಸ ನನ್ನ ನಾಲಗೆ ಮೆಚ್ಚಿದರೆ ಆಮೇಲೆ ಕೊಡಲಿ ಮುಟ್ಟುವುದಿಲ್ಲ. ಮೆಚ್ಚದಿದ್ದರೆ ಸಾಯುವ ತನಕ ಆ ಸುದ್ದಿ ಎತ್ತಬಾರದು.

ಭಾನುವಾರ ಬೆಳಿಗ್ಗೆ ಡಾರ್ಲಾ ಅಪ್ಪನನ್ನು ಚರ್ಚಿಗೆ ಕರೆದೊಯ್ದು ಸಂಜೆಗೆ ಮನೆಗೆ ಕರೆತರಲು ಹೊರಟಳು. ಕಾರು ಹತ್ತುವ ಮುನ್ನ ಗಂಡನಿಗೆ ಹೇಳಿದಳು:

"ಇವತ್ತು ನಿಂಗಿರೋದು ಒಂದೇ ಕೆಲ್ಸ, ಏನೂ ಮಾಡ್ದೆ ಕೂತ್ಕೊಳ್ಳೋದು. ಅದನ್ನಾದ್ರೂ ನೆಟ್ಟಗೆ ಮಾಡು."

ಲೀಲಂಡ್ ನೆಟ್ಟಗೇ ಮಾಡಿದ. ಹೆಗಲ ಭಾಗದ ದೊಡ್ಡ ತುಂಡಿಗೆ ಉಪ್ಪು ಮೆಣಸು ಬಳಿದು, ಒಲೆಯೊಳಗಿಟ್ಟು, ಮರದ ನೆರಳಲ್ಲಿ ಕುರ್ಚಿ ಬಿಡಿಸಿಕೊಂಡು ಗೊರಕೆ ಹೊಡೆದ.

ವಿಲ್ಮಾ ಬಂದದ್ದು ಆಗ. ಬೇಲಿಯಾಚೆಯಿಂದ ಮೂಗಿಗೆ ಬಡಿದ ಹೊಗೆ ಅವಳನ್ನು ದಾರ ಕಟ್ಟಿದ ಹಾಗೆ ಎಳೆದು ತಂದಿತ್ತು. ಮಾಂಸ ನೋಡೋಣವೆಂದು ಮುಚ್ಚಳ ಎತ್ತಿದಳು. ಎತ್ತಿದ್ದು ಗುಳಿಗೆ ಡಬ್ಬದ ಮುಚ್ಚಳ. ಒಳಗೆ ಕುದುರೆ ಮೇವಿನಂಥದ್ದನ್ನು ಕಂಡು, ಈ ಲೀಲಂಡನ ಮನೆಯಲ್ಲಿ ಊಟಕ್ಕೆ ಒಪ್ಪಿಕೊಳ್ಳದಿದ್ದುದೇ ಒಳ್ಳೆಯದಾಯಿತೆಂದು ಹಾಗೇ ಹೊರಟುಹೋದಳು. ಮನೆಗೆ ಹೋದವಳು ಹುಲ್ಲಿಗೆ ನೀರು ಬಿಟ್ಟಳು. ಸುತ್ತಲೂ ನೀರು ಚಿಮ್ಮಿಸುವ ಅವಳ ಸ್ಪ್ರಿಂಕ್ಲರ್ರೂ ಒಡತಿಯಂತೆಯೇ, ಬೇಲಿ ಗೀಲಿ ಲೆಕ್ಕಿಸುವ ಜಾತಿಯದಲ್ಲ.

ಫೋನು ಕಿರುಚಿಕೊಂಡಾಗ ಲೀಲಂಡ್ ಎದ್ದು ಕೂತ. ಡಬ್ಬದೊಳಗೆ ಗುಳಿಗೆಗಳೆಲ್ಲ ನೀರು ಕುಡಿದು, ಉಬ್ಬಿ, ಗಂಜಿಯಾಗಿದ್ದವು. ಅವನ್ನು ಬೆಂಕಿಗೆ ತಳ್ಳುವ ಸುರುಳಿ ಆ ಗಂಜಿಯಲ್ಲಿ ಸಿಕ್ಕು ಎರಡು ಸಲ ನರಳಿ ನಿಂತೇಹೋಯಿತು. ಬೆಂಕಿ ಆರಿತ್ತು. ಮಾಂಸ ಅತ್ತ ಹಸಿಯೂ ಅಲ್ಲ, ಇತ್ತ ಬೆಂದದ್ದೂ ಅಲ್ಲ.

ವಿಲ್ಮಾ ಮತ್ತೆ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಒಲೆಗೆ ಅಜೀರ್ಣ ಎಂದಳು. ಮುಚ್ಚಳದ ಮಾತು ಬಂದಾಗ ಯಾರು ತೆಗೆದರೋ ಕಾಣೆ ಎಂದಳು. ಅಡುಗೆಮನೆಯ ಒಲೆಯಲ್ಲಿ ಇಟ್ಟುಬಿಡು ಎಂದೂ ಹೇಳಿದಳು. ಮಾವನಿಗೆ ಅಡುಗೆಮನೆಯ ಮಾಂಸ ಬಡಿಸುವುದೂ ಒಂದೇ, ಅವನ ಕೊಡಲಿಯನ್ನು ಸಾಣೆ ಹಿಡಿದು ಕೊಡುವುದೂ ಒಂದೇ ಎಂದು ಲೀಲಂಡನಿಗೆ ಗೊತ್ತಿತ್ತು.

ಆಗ ಇನ್ನೊಂದು ಬದಿಯ ಬೇಲಿಯ ಮೇಲೆ ಚೇವೋನ ಟೋಪಿ ಕಾಣಿಸಿತು. ಊರಿನ ಬೆಂಕಿಯೆಲ್ಲ ಆರಿಸಿ ನಿವೃತ್ತನಾದವನು ಚೇವೋ. ಈಗ ಹಿತ್ತಲಲ್ಲಿ ಸೌದೆ ಒಲೆ ಇಟ್ಟುಕೊಂಡು ಆ ಪಾಪವನ್ನೆಲ್ಲ ತೊಳೆದುಕೊಳ್ಳುತ್ತಿದ್ದ.

"ತಗೊಂಬಾರಯ್ಯ ಈ ಕಡೆ," ಎಂದ. "ಒಲೆ ಇದೆ, ಓಕ್ ಇದೆ. ಒಂದೇ ತೊಂದರೆ, ದಿಮ್ಮಿ ಒಡೆದಿಲ್ಲ. ನನ್ನ ಬೆನ್ನು ನೋಡಿದೀಯಲ್ಲ."

ಲೀಲಂಡ್ ಅವನ ಬೆನ್ನನ್ನೂ ನೋಡಿದ, ದಿಮ್ಮಿಗಳನ್ನೂ ನೋಡಿದ. ಅವನು ಹುಟ್ಟಿದಂದಿನಿಂದ ಕೊಡಲಿ ಹಿಡಿದವನಲ್ಲ. ಮೊದಲ ಏಟು ನೆಲಕ್ಕೆ ಬಿತ್ತು. ಎರಡನೆಯದು ಅದೇ ಗುಂಡಿಗೆ ಬಿತ್ತು. ಇನ್ನೆರಡು ಏಟಿಗೆ ನೀರು ಚಿಮ್ಮಬಹುದೆಂದು ಚೇವೋ ಕುರ್ಚಿಯಲ್ಲಿ ಕೂತು ಹೇಳಿದ. ಕಾಲು ಅಗಲಿಸು, ದಿಮ್ಮಿಯನ್ನಲ್ಲ, ದಿಮ್ಮಿಯಲ್ಲಿನ ಬಿರುಕನ್ನು ನೋಡು, ಸಿಟ್ಟು ಬೇಡ ಎಂದೂ ಹೇಳಿದ. ವಿಲ್ಮಾ ತನ್ನ ಬೇಲಿಯಿಂದ, ಚೇವೋ ಹೇಳಿದ್ದಕ್ಕೆಲ್ಲ ಉಲ್ಟಾ ಹೇಳಿದಳು.

ಹೇಗೋ ಒಂದು ಏಟು ಬಿರುಕಿಗೇ ಬಿತ್ತು. ದಿಮ್ಮಿ ಎರಡಾಗಿ ಬಾಯಿಬಿಟ್ಟು, ಒಳಗಿನಿಂದ ಒಂದು ಹುಳಿ ಹುಳಿ ಪರಿಮಳ ಎದ್ದು ಬಂತು. ಲೀಲಂಡ್ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ನಿಂತ. ಕನ್ನಡಕದ ಅಂಗಡಿಯಲ್ಲಿ ಎಷ್ಟು ಒರೆಸಿದರೂ ಕೆಲಸ ಮುಗಿಯಿತು ಎಂದು ಯಾವ ಗಾಜೂ ಸದ್ದು ಮಾಡಿ ಹೇಳಿರಲಿಲ್ಲ.

ಬೆಂಕಿಯೂ ಸುಲಭಕ್ಕೆ ಒಲಿಯಲಿಲ್ಲ. ಮೊದಲು ದಟ್ಟ ಬಿಳಿ ಹೊಗೆ ಎದ್ದಿತು. ಈ ಹೊಗೆಯಲ್ಲಿ ಬೆಂದ ಮಾಂಸ ನೆಕ್ಕಿದರೆ ಬೂದಿ ನೆಕ್ಕಿದ ಹಾಗೆ ಎಂದು ಚೇವೋ ತುಂಡನ್ನು ಒಳಗಿಡಲು ಬಿಡಲಿಲ್ಲ. ಸೌದೆಯನ್ನು ಇನ್ನೂ ಸಣ್ಣಗೆ ಸೀಳಿ, ಗಾಳಿ ಬಿಟ್ಟು, ಕಾದು, ಹೊಗೆ ತೆಳ್ಳಗೆ ನೀಲಿಗೆ ತಿರುಗಿದ ಮೇಲೆಯೇ ಮಾಂಸ ಒಳಗೆ ಹೋಯಿತು. ಆಮೇಲೆ ಲೀಲಂಡ್ ಕೂರುವಂತಿರಲಿಲ್ಲ. ಈ ಒಲೆ ಫೋನಿಗೆ ಸುದ್ದಿ ಕಳಿಸುವುದಿಲ್ಲ. ಎಳೆಗೂಸಿನಂತೆ, ಮುಖ ನೋಡಿಯೇ ಹಸಿವೆ ತಿಳಿಯಬೇಕು. ಒಡೆದ, ಒಟ್ಟಿದ, ಮತ್ತೆ ಒಡೆದ. ಅಂಗೈಯಲ್ಲಿ ಬೊಬ್ಬೆ ಎದ್ದಿತು, ಒಡೆಯಿತು, ಅದರ ಪಕ್ಕದಲ್ಲಿ ಅದರ ತಮ್ಮ ಎದ್ದ. ಇಷ್ಟೆಲ್ಲದರ ನಡುವೆ ಒಂದು ಸಲ, ಮುದುಕ ಇದನ್ನು ಯಾಕೆ ಬಿಡಲೊಲ್ಲ ಎಂಬುದು ಅವನಿಗೆ ಹೊಳೆದುಬಿಟ್ಟಿತು. ಹೊಳೆದದ್ದು ಅವನಿಗೇ ಇಷ್ಟವಾಗಲಿಲ್ಲ.

ಸಂಜೆ ಡಾರ್ಲಾಳ ಕಾರು ತಿರುವಿನಲ್ಲಿ ಕಾಣುವ ಹೊತ್ತಿಗೆ, ಕಂದು ಕಾಗದದಲ್ಲಿ ಸುತ್ತಿದ ಮಾಂಸ ಬೇಲಿ ದಾಟುತ್ತಿತ್ತು. ಚೇವೋ ಬೆನ್ನುನೋವು ಮರೆತು ಎತ್ತಿಕೊಟ್ಟ. ವಿಲ್ಮಾ ಏಪ್ರನ್ನಿನಲ್ಲಿ ಮಗುವಿನಂತೆ ಹಿಡಿದು ಓಡಿ, ಸತ್ತ ಗುಳಿಗೆ ಒಲೆಯೊಳಗೆ ಮಲಗಿಸಿ, ಮುಚ್ಚಳ ಮುಚ್ಚಿದಳು. ಅವತ್ತು ಅವಳು ಮುಚ್ಚಿದ ಮುಚ್ಚಳ ಅದೊಂದೇ.

ಊಟಕ್ಕೆ ಕೂತಾಗ ಲೀಲಂಡ್ ಎರಡೂ ಅಂಗೈಗಳನ್ನು ಕರವಸ್ತ್ರದಲ್ಲಿ ಮುಚ್ಚಿಕೊಂಡು ಚಮಚ ಹಿಡಿದ. ಆಲ್ವಿನ್ ಮೊದಲು ಮೂಸಿ ನೋಡಿದ. ಕೊಯ್ದು, ಹೊಗೆ ಹಿಡಿದ ಅಂಚಿನ ಕೆಂಪನ್ನು ದೀಪಕ್ಕೆ ಹಿಡಿದು ನೋಡಿದ. ಆಮೇಲೆ ಕಣ್ಣು ಮುಚ್ಚಿ ಅಗಿಯತೊಡಗಿದ. ಅಗಿದ, ಅಗಿದ, ಆ ಹೊತ್ತಿನಲ್ಲಿ ಒಂದು ಕರು ಹುಟ್ಟಿ ದೊಡ್ಡದಾಗಿ ತಟ್ಟೆಗೆ ಬರಬಹುದಿತ್ತು.

"ಇದು ನಿನ್ನ ಯಂತ್ರದ್ದೇನಪ್ಪ?"

"ಹೌದು ಮಾವ," ಎಂದ ಲೀಲಂಡ್. ಸ್ವರ ಯಾಕೋ ತೆಳ್ಳಗೆ, ನೀಲಿ ಹೊಗೆಯ ಹಾಗೆ ಬಂತು.

ಮುದುಕ ಇನ್ನೊಂದು ತುಂಡು ಹಾಕಿಸಿಕೊಂಡ. "ಸರಿ, ಸೋತೆ. ಇನ್ಮೇಲೆ ನಾನು ಕೊಡಲಿ ಮುಟ್ಟಲ್ಲ ಮಗಳೇ."

ಡಾರ್ಲಾ ಅಪ್ಪನ ಕುತ್ತಿಗೆಗೆ ಜೋತು ಬಿದ್ದು ಅತ್ತಳು. ಎದ್ದವಳೇ ಗಂಡನಿಗೆ ಮುತ್ತು ಕೊಟ್ಟು, ಆ ಸಂತೋಷದಲ್ಲೇ ಒಂದು ದಾನವನ್ನೂ ಮಾಡಿಬಿಟ್ಟಳು: ಈ ಒಲೆ ಇವತ್ತಿನಿಂದ ಅಪ್ಪನ ಮನೆಯಲ್ಲಿರಲಿ, ಲೀಲಂಡ್ ಪ್ರತಿ ಶನಿವಾರ ಹೋಗಿ ನಡೆಸಿಕೊಡುತ್ತಾನೆ. ಲೀಲಂಡ್ ಬಾಯಿ ತೆರೆದ. ತೆರೆದ ಬಾಯಿಗೆ ಒಂದು ಆಲೂಗಡ್ಡೆ ಹಾಕಿಕೊಂಡ.

ಅವಳು ಕಾಫಿ ತರಲು ಒಳಗೆ ಹೋದಳು. ಊಟ ಮುಗಿಸಿ ಜಗುಲಿಗೆ ಬಂದ ಮುದುಕ, ಸೋತವನು ಗೆದ್ದವನ ಕೈ ಕುಲುಕಬೇಕು ಕೊಡಪ್ಪ ಎಂದು ಕೈ ಚಾಚಿದ. ಕೊಡದೆ ವಿಧಿಯಿರಲಿಲ್ಲ. ಆಲ್ವಿನ್ ಕುಲುಕಲಿಲ್ಲ. ಅಂಗೈಯನ್ನು ಮೆಲ್ಲಗೆ ಅಂಗಾತ ಮಾಡಿ, ಬೊಬ್ಬೆಗಳನ್ನು ಪತ್ರಿಕೆ ಓದುವವನಂತೆ ಓದಿದ.

"ಈ ಯಂತ್ರ ಬೊಬ್ಬೆ ಎಬ್ಬಿಸುತ್ತೆ ಅಂತ ಯಾರೂ ಹೇಳಿರ್ಲಿಲ್ಲ," ಎಂದ.

ಲೀಲಂಡ್ ಎಲ್ಲ ಒಪ್ಪಿಕೊಂಡ. ಮುಚ್ಚಳ, ನೀರು, ಚೇವೋ, ಏಪ್ರನ್ನು, ಏನೂ ಬಿಡಲಿಲ್ಲ. ಹಾಗಿದ್ದರೆ ಮಾತು ವಾಪಸ್ ತಗೋತೀರಾ ಎಂದು ಕೇಳಿದ. ಡಾರ್ಲಾ ಈಗ ತಾನೇ ನಗುವುದಕ್ಕೆ ಶುರು ಮಾಡಿದ್ದಾಳೆ ಎಂದೂ ಹೇಳಿದ.

ಮುದುಕ ಅಡುಗೆಮನೆಯ ಕಿಟಕಿಯ ಕಡೆ ನೋಡಿದ. ಒಳಗೆ ಮಗಳು ಗುನುಗುತ್ತಿದ್ದಳು.

"ನಾನು ಮುಟ್ಟಲ್ಲ ಅಂದಿದೀನಿ, ಮುಟ್ಟಲ್ಲ. ನನ್ನ ಕೈ ನಡುಗೋದು ನಂಗೂ ಗೊತ್ತು. ಆದ್ರೆ ನೋಡು, ಹಿತ್ತಲಲ್ಲಿ ಆ ಸದ್ದು ಇಲ್ಲ ಅಂದ್ರೆ ಮನೆ ಬಿಕೋ ಅನ್ನುತ್ತೆ. ಹೊಡೆಯೋನು ನಾನೇ ಆಗ್ಬೇಕು ಅಂತೇನಿಲ್ಲ." ಅವನ ಬೆರಳು ಅಳಿಯನ ಅಂಗೈಯನ್ನು ಒಮ್ಮೆ ತಟ್ಟಿತು. "ಎಡಗಾಲು ಮುಂದಿಡ್ತೀಯ ಅಂತ ಕಾಣುತ್ತೆ. ತಪ್ಪು. ಶನಿವಾರ ಬೇಗ ಬಾ."

ಈಗ ಗುಳಿಗೆ ಒಲೆ ಆಲ್ವಿನ್‌ನ ಜಗುಲಿಯ ಮೇಲೆ, ದಾರಿಯಿಂದಲೇ ಕಾಣುವ ಹಾಗೆ ಕೂತಿದೆ. ಗುಳಿಗೆ ಡಬ್ಬದಲ್ಲಿ ಕೋಳಿಗೆ ಹಾಕುವ ಜೋಳ ತುಂಬಿದೆ. ಹಿತ್ತಲಲ್ಲಿ ಮುದುಕ ಕುರ್ಚಿ ಹಾಕಿಕೊಂಡು, ಚೇವೋ ವಿಲ್ಮಾ ಇಬ್ಬರೂ ಸೇರಿ ಹೇಳುವಷ್ಟನ್ನು ಒಬ್ಬನೇ ಹೇಳುತ್ತಾನೆ. ಕೊಡಲಿ ಮಾತ್ರ ಮುಟ್ಟಿಲ್ಲ. ಬಲು ಮಾತಿನ ಮನುಷ್ಯ, ಎರಡು ಅರ್ಥದಲ್ಲೂ.

ಶನಿವಾರ ಸಂಜೆ ಲೀಲಂಡ್ ಹೊಗೆ ಹಿಡಿದ ಮಾಂಸದ ಪೊಟ್ಟಣ ಹಿಡಿದು ಮೈನೋವಿಗೆ ಕುಂಟುತ್ತಾ ಮನೆಗೆ ಬಂದರೆ, ಡಾರ್ಲಾ ಬಾಗಿಲಲ್ಲೇ ಕೇಳುತ್ತಾಳೆ:

"ಹೇಗಿದೆ ಯಂತ್ರ? ತೊಂದರೆ ಏನೂ ಕೊಡ್ತಿಲ್ವಲ್ಲ?"

ಲೀಲಂಡ್ ಎರಡೂ ಕೈಗಳನ್ನು ಜೇಬಿಗೆ ತುರುಕುತ್ತಾನೆ.

"ಇಲ್ಲಪ್ಪ," ಎನ್ನುತ್ತಾನೆ. "ಹೇಳಿದ್ದು ಕೇಳ್ಕೊಂಡು ದುಡೀತಿದೆ."