ಹ ಬಿದ್ದುಹೋದ ಹೆಸರು

ದೂರದಿಂದ ಹೆಸರು ತಂದುಕೊಂಡರೆ, ಬಸ್ಸಿನ ಮೇಲೆ ಹಾಕಿದ ಮೂಟೆಯಂತೆ, ದಾರಿಯಲ್ಲಿ ಏನಾದರೊಂದು ಬಿದ್ದೇ ಬೀಳುತ್ತದೆ. ನಮ್ಮ ಮನೆಯಲ್ಲಿ ಬಿದ್ದಷ್ಟು ಇನ್ನೆಲ್ಲೂ ಬಿದ್ದಿರಲಾರದು.

ತೊಟ್ಟಿಲ ಮುಂದೆ

ಎರಡನೇ ಮಗಳಿಗೆ ಮೊಬೈಲಿನಲ್ಲಿ ಹುಡುಕಿ ಹನ್ನಾ ಎಂಬ ಹೆಸರು ಆರಿಸಿದೆ. ಹೀಬ್ರೂ ಹೆಸರು, ಕೃಪೆ ಎಂದು ಅರ್ಥ. "ಹತ್ತನೇ ಕ್ಲಾಸಿನೋಳಿಗೆ ಹೀಬ್ರೂ ಬೇರೆ!" ಎಂದು ಗಂಡ ನಕ್ಕರು. ನಾನು ಬಿಡಲಿಲ್ಲ.

ಸವಳಂಗದ ನನ್ನ ತವರಿನಲ್ಲಿ ಹೆಸರಿಡುವ ದಿನ, ಮಗುವಿನ ಕಿವಿಯಲ್ಲಿ ಹೆಸರು ಕೂಗಲು ಸೊಕ್ಕೆ ಎಂಬ ಊರಿನವರಾದ ನನ್ನ ಗಂಡನ ತಾಯಿ, ನಮ್ಮತ್ತೆಯೇ ಮುಂದೆ ಬಂದರು. ಅವರ ಬಾಯಲ್ಲಿ ಹ ನಿಲ್ಲುವುದಿಲ್ಲ. ಹಾಲು ಆಲು, ಹಸು ಅಸು. "ಅನ್ನ! ಅನ್ನ! ಅನ್ನ!" ಎಂದು ಮನೆ ಹಾರುವಂತೆ ಕೂಗಿದರು.

ಹಿಂದೆ ಕೂತಿದ್ದ ನೆಂಟರು ಎದ್ದು ಕೈ ತೊಳೆಯಲು ಹೋದರು.

ಸೂಜಿ ಹಾಕಿಸಿದ ದಿನ

ಮಗುವಿಗೆ ಸೂಜಿ ಹಾಕಿದ ಕೇರಳದ ನರ್ಸಮ್ಮ ಹೆಸರು ಕೇಳಿ ಅರಳಿದರು. "ನಂದೂ ಇದೇ ಹೆಸರು. ನಾನು ಅನ್ನಮ್ಮ!"

ನಾನು ಕಣ್ಣು ಬಿಟ್ಟೆ. ಅವರೇ ಬಿಡಿಸಿ ಹೇಳಿದರು: "ಹೀಬ್ರೂನಲ್ಲಿ ಹನ್ನಾ. ಗ್ರೀಕರ ಬಾಯಲ್ಲಿ ಹ ಬಿದ್ದುಹೋಗಿ ಅನ್ನಾ ಆಯ್ತು. ಲ್ಯಾಟಿನ್‌ನವರು ಅದನ್ನೇ ಎತ್ಕೊಂಡ್ರು. ಇಂಗ್ಲಿಷರು ಆ್ಯನ್ ಅಂದ್ರು, ನಮ್ಮೋರು ಅಮ್ಮ ಸೇರಿಸಿದ್ರು."

ಜೊತೆಗೆ ಬಂದಿದ್ದ ಅತ್ತೆಗೆ ಕೊಂಬು ಬಂತು. "ಕೇಳಿದ್ಯೇನೇ? ನಂಗೆ ನಾಲಿಗೆ ತಿರುಗಾಕಿಲ್ಲ ಅಂತ ಆಡ್ಕಂತಿದ್ದಲ್ಲ! ಆ ಗ್ರೀಕ್ರೂ ನಮ್ಮ ಸೊಕ್ಕೆ ಕಡೇರೇ ಇರ್ಬೇಕು!"

ಕಚೇರಿಯಲ್ಲಿ

ಜನನ ಪತ್ರದಲ್ಲಿ ಹೆಸರು ಸೇರಿಸಬೇಕಿತ್ತು. ಅಲ್ಲಿ ತಪ್ಪಿದರೆ ಶಾಲೆಯಿಂದ ಮದುವೆಯವರೆಗೂ ತಪ್ಪೇ. ನಾನು ಜೆರಾಕ್ಸ್ ಮಾಡಿಸಿಕೊಂಡು ಬರುವಷ್ಟರಲ್ಲಿ ಅತ್ತೆ ಹೆಸರು ಹೇಳಿ ಮುಗಿಸಿದ್ದರು. ಕಂಪ್ಯೂಟರಿನಲ್ಲಿ ಇಣುಕಿದೆ. ಹೆಸರು: ಅಣ್ಣಪ್ಪ. ಲಿಂಗ: ಗಂಡು.

"ಏನ್ರೀ ಇದು?"

"ಅಜ್ಜಿ ಅಣ್ಣ ಅಂದ್ರಮ್ಮ," ಎಂದ ಗುಮಾಸ್ತ. "ಬರೇ ಅಣ್ಣ ಚೆನ್ನಾಗಿರಲ್ಲ ಅಂತ ಕೊನೇಲಿ 'ಅಪ್ಪ' ನಾನೇ ಸೇರಿಸ್ದೆ. ಹೆಣ್ಣು ಅಂತ ಬೇರೆ ಇತ್ತು, ಅದನ್ನೂ ಸರಿ ಮಾಡಿದೀನಿ."

ಅತ್ತೆ ಎರಡೂ ಕೈ ಮುಗಿದರು. "ತಿದ್ದಬ್ಯಾಡ್ರಿ, ನಮ್ಮಪ್ಪ! ಎರಡು ಬಾಣಂತನ ಆದ್ರೂ ಇವಳ ಕೈಲಿ ಆಗದ್ದನ್ನ ನೀವು ಒಂದು ಬಟನ್ ಒತ್ತಿ ಮಾಡಿದ್ರಿ!"

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿಯಿತು. "ಅಪ್ಪನ್ನ ತೆಗೀರಿ, ನನ್ನ ಮಗಳನ್ನ ವಾಪಸ್ ಕೊಡ್ರಿ," ಎಂದು ಪಕ್ಕದಲ್ಲೇ ನಿಂತು, ಒಂದೊಂದೇ ಅಕ್ಷರ ಹೇಳಿ, ಹನ್ನಾ, ಹೆಣ್ಣು ಎಂದು ಟೈಪ್ ಹೊಡೆಸಿದೆ. ಆಮೇಲೆ ಕೇಳಿದೆ: "ಇಷ್ಟು ಸಲೀಸಾಗಿ ತಿದ್ದೋದಾದ್ರೆ ನಮ್ಮತ್ತೆ ಮಗನ್ನೂ ಒಂಚೂರು ತಿದ್ದಿಕೊಡ್ರಿ."

"ಯಜಮಾನ್ರ ಹೆಸರಲ್ಲೂ ತಪ್ಪೈತೇನ್ರೀ?"

"ಹೆಸರು ಸರಿ ಐತ್ರಿ. ಆಸಾಮಿನೇ ತಪ್ಪು."